ರಾತ್ರಿ ನಿಂತ ಗಾಡಿ, ಬೆಳಗ್ಗೆ ಖಾಲಿ ಬ್ಯಾಟರಿ: ಸೋರಿಕೆ ಪತ್ತೆ ಮಾಡುವ ಬಗೆ

ಸಂಜೆ ಚೆನ್ನಾಗಿಯೇ ಓಡಿಸಿ ನಿಲ್ಲಿಸಿದ ಗಾಡಿ. ಬೆಳಗ್ಗೆ ಸೆಲ್ಫ್ ಹೊಡೆದರೆ 'ಟಕ್' ಅಂತ ಒಂದು ಸದ್ದು, ಅಷ್ಟೇ. ಇನ್ನೊಂದು ಬ್ಯಾಟರಿಯಿಂದ ಜಂಪ್ ಕೊಟ್ಟರೆ ಥಟ್ಟನೆ ಸ್ಟಾರ್ಟ್ ಆಗುತ್ತದೆ, ದಿನವಿಡೀ ಏನೂ ತಕರಾರಿಲ್ಲ. ಎರಡು ದಿನ ನಿಲ್ಲಿಸಿದರೆ ಮತ್ತದೇ ಕಥೆ. ಇಂಥ ಗಾಡಿಗೆ ಮೊದಲು ಹೊಸ ಬ್ಯಾಟರಿ ಹಾಕಿಸುತ್ತಾರೆ. ಅದೂ ಇಳಿದಾಗ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಬಿಚ್ಚಿಸುತ್ತಾರೆ, ಆಮೇಲೆ ಸೆಲ್ಫ್ ಮೋಟರ್. ಕೊನೆಗೆ ನೋಡಿದರೆ ಡಿಕ್ಕಿಯೊಳಗಿನ ಪುಟ್ಟ ಬಲ್ಬು ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಸಾಧಾರಣ ಮಲ್ಟಿಮೀಟರ್ ಒಂದಿದ್ದು, ಅದರಲ್ಲಿ ಕಾಣುವ ಅಂಕಿಯನ್ನು ಓದುವುದು ಗೊತ್ತಿದ್ದರೆ ಇಷ್ಟೆಲ್ಲ ಖರ್ಚು ಬೇಕಾಗಿಲ್ಲ.

ಮೊದಲ ಪ್ರಶ್ನೆ: ಇದು ನಿಜವಾಗಿಯೂ ಸೋರಿಕೆಯೇ?

ಬ್ಯಾಟರಿ ಇಳಿಯಲು ಮೂರು ದಾರಿಗಳಿವೆ. ಬ್ಯಾಟರಿಯೇ ಹಾಳಾಗಿ ಚಾರ್ಜು ಹಿಡಿದಿಟ್ಟುಕೊಳ್ಳದಿರಬಹುದು, ಓಡುವಾಗ ಸರಿಯಾಗಿ ಚಾರ್ಜ್ ಆಗದಿರಬಹುದು, ನಿಂತಾಗ ಏನೋ ಒಂದು ಕರೆಂಟ್ ಎಳೆಯುತ್ತಿರಬಹುದು, ಇದೇ ಸೋರಿಕೆ. ಮೊದಲೆರಡನ್ನು ತಳ್ಳಿಹಾಕದೆ ಮೂರನೆಯದರ ಬೆನ್ನು ಹತ್ತಿದರೆ ಇಲ್ಲದ ಕಳ್ಳನಿಗಾಗಿ ಮನೆಯೆಲ್ಲ ಜಾಲಾಡಿದ ಹಾಗಾಗುತ್ತದೆ.

ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ. 45 ಎ.ಎಚ್. (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ 4.5 ಆಂಪ್‌ನಲ್ಲಿ 10-12 ಗಂಟೆ ಬೇಕು. ಗಾಡಿಯನ್ನು ಒಂದು ಸುತ್ತು ಓಡಿಸಿದರೆ ತುಂಬಿತು ಎಂದುಕೊಳ್ಳುವುದು ತಪ್ಪು. ಚಾರ್ಜರ್ ತೆಗೆದ ಕೂಡಲೇ ಅಳೆದರೆ 13 ವೋಲ್ಟ್‌ನ ಮೇಲೆಯೇ ಕಾಣುತ್ತದೆ, ಆದರೆ ಅದು ಪ್ಲೇಟುಗಳ ಮೇಲ್ಮೈಯಲ್ಲಿ ನಿಂತ ಚಾರ್ಜು, ನಂಬುವಂಥದ್ದಲ್ಲ. ಕೆಲವು ಗಂಟೆ ಹಾಗೇ ಬಿಡಿ, ಅಥವಾ ಹೆಡ್‌ಲೈಟ್ ಒಂದೆರಡು ನಿಮಿಷ ಉರಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ತುಂಬಿದ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸಬೇಕು. 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. 11.8 ಬಂದರೆ ಖಾಲಿಯೆಂದೇ ಲೆಕ್ಕ. ತುಂಬಿದ್ದಕ್ಕೂ ಖಾಲಿಗೂ ನಡುವೆ ಒಂದು ವೋಲ್ಟ್‌ನಷ್ಟೂ ಅಂತರವಿಲ್ಲ, ಹಾಗಾಗಿ 'ಹನ್ನೆರಡು ಇದೆಯಲ್ಲ, ಸರಿಯಾಗಿಯೇ ಇದೆ' ಎನ್ನುವ ಮಾತಿಗೆ ಬೆಲೆಯಿಲ್ಲ.

ಈಗ ನೆಗೆಟಿವ್ ಕೇಬಲ್ ಬಿಚ್ಚಿ, ಬ್ಯಾಟರಿಯನ್ನು ಗಾಡಿಯಿಂದ ಬೇರೆ ಮಾಡಿ, ಒಂದು ಹಗಲು ಒಂದು ರಾತ್ರಿ ಬಿಡಿ. ಮರುದಿನ ವೋಲ್ಟೇಜು ಹೆಚ್ಚುಕಡಿಮೆ ಹಾಗೇ ನಿಂತಿದ್ದರೆ ಬ್ಯಾಟರಿ ಸಾಚಾ. ಯಾವುದಕ್ಕೂ ಜೋಡಿಸದಿದ್ದರೂ 12.3ಕ್ಕೋ 12.2ಕ್ಕೋ ಜಾರಿದ್ದರೆ ರೋಗ ಬ್ಯಾಟರಿಯ ಹೊಟ್ಟೆಯೊಳಗೇ ಇದೆ. ನೀರು ಹಾಕುವ ಬ್ಯಾಟರಿಯಾದರೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಆರೂ ಸೆಲ್ ನೋಡಿ. ತುಂಬಿದಾಗ 1.265ರಿಂದ 1.280ರ ಆಸುಪಾಸು ಇರಬೇಕು. ಒಂದು ಸೆಲ್ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿಯ ಕಥೆ ಮುಗಿಯಿತು.

ಚಾರ್ಜಿಂಗ್ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಇಂಜಿನ್ ಓಡುತ್ತಿರುವಾಗ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಬ್ಯಾಟರಿ ಟರ್ಮಿನಲ್‌ನಲ್ಲೇ ಅಳೆದರೆ 13.8ರಿಂದ 14.5 ವೋಲ್ಟ್ ಸಿಗಬೇಕು. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದ ಮೇಲೂ 13ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಮೊದಲು ಬೆಲ್ಟ್ ಬಿಗಿ, ಟರ್ಮಿನಲ್ ಕೊಳೆ, ಇಂಜಿನ್‌ನಿಂದ ಗಾಡಿಯ ಬಾಡಿಗೆ (ಲೋಹದ ಮೈಗೆ) ಹೋಗುವ ಅರ್ಥಿಂಗ್ ಪಟ್ಟಿ ನೋಡಿ.

ಇನ್ನೊಂದು ಸಣ್ಣ ವಿಷಯ. ಬ್ಯಾಟರಿಯ ನೆತ್ತಿ ಆಸಿಡ್ ಪಸೆಯಿಂದ ಒದ್ದೆಯಾಗಿ ಧೂಳು ಕೂತಿದ್ದರೆ ಆ ಕೊಳೆಯೇ ತಂತಿಯ ಹಾಗೆ ಕೆಲಸ ಮಾಡುತ್ತದೆ. ಮೀಟರ್‌ನ ಒಂದು ಪ್ರೋಬನ್ನು ಟರ್ಮಿನಲ್‌ಗೆ ಇಟ್ಟು ಇನ್ನೊಂದನ್ನು ಪ್ಲಾಸ್ಟಿಕ್ ಮೇಲೆ ಆಡಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ಒರೆಸಿ. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಸೆಲ್ ಒಳಗೆ ಇಳಿದರೆ ಆಸಿಡ್ ಕೆಡುತ್ತದೆ.

ಎಷ್ಟು ಎಳೆದರೆ ತಪ್ಪು?

ನಿಂತ ಗಾಡಿಯೂ ಒಂದಿಷ್ಟು ಕರೆಂಟ್ ಕುಡಿಯುತ್ತದೆ. ಗಡಿಯಾರ, ರೇಡಿಯೋದ ನೆನಪು, ಅಲಾರಂ ಇವಕ್ಕೆಲ್ಲ ಸೇರಿ 20-30 ಮಿಲಿಆಂಪ್ ಸಹಜ. 50ರವರೆಗೆ ಸಹಿಸಬಹುದು. ಕಾರ್ಬುರೇಟರ್ ಕಾಲದ, ಎಲೆಕ್ಟ್ರಾನಿಕ್ಸ್ ಏನೂ ಇಲ್ಲದ ಗಾಡಿಯಾದರೆ ಗಡಿಯಾರ ಬಿಟ್ಟು ಸೊನ್ನೆಯೇ ಇರಬೇಕು. ಅಲ್ಲಿ 40 ಮಿಲಿಆಂಪ್ ಕಂಡರೂ ಅನುಮಾನಿಸಬೇಕಾದದ್ದೇ.

ಲೆಕ್ಕ ಹೀಗಿದೆ. 50 ಮಿಲಿಆಂಪ್ ದಿನಕ್ಕೆ 1.2 ಎ.ಎಚ್. ತಿನ್ನುತ್ತದೆ. 45 ಎ.ಎಚ್. ಬ್ಯಾಟರಿ ಅರ್ಧಕ್ಕೆ ಬರಲು ಸುಮಾರು 19 ದಿನ ಬೇಕು. ವಾರಕ್ಕೆರಡು ಸಲ ಓಡುವ ಗಾಡಿಗೆ ಇದು ಗೊತ್ತೇ ಆಗುವುದಿಲ್ಲ. ಅದೇ 500 ಮಿಲಿಆಂಪ್ ಆದರೆ ದಿನಕ್ಕೆ 12 ಎ.ಎಚ್., ಎರಡನೆಯ ದಿನಕ್ಕೇ ಅರ್ಧ ಖಾಲಿ. ಬ್ಯಾಟರಿ ಹಳತಾಗಿ ಅದರ ನಿಜವಾದ ಸಾಮರ್ಥ್ಯ 25 ಎ.ಎಚ್.ಗೆ ಇಳಿದಿದ್ದರೆ ಒಂದೇ ದಿನ ಸಾಕು. ಚಳಿಯಲ್ಲಿ ಇಂಜಿನ್ ತಿರುಗಿಸಲು ಹೆಚ್ಚು ಬಲ ಬೇಕು, ಬ್ಯಾಟರಿ ಕೊಡುವ ಬಲ ಮಾತ್ರ ಕಡಿಮೆಯಾಗುತ್ತದೆ. ಸೆಖೆಯಲ್ಲಿ ಗೊತ್ತಾಗದ ಸೋರಿಕೆ ಚಳಿ ಬಿದ್ದಾಗ ಬಯಲಾಗುವುದು ಇದರಿಂದಲೇ.

ಆದ್ದರಿಂದ 'ಎಷ್ಟು ದಿನಕ್ಕೆ ಇಳಿಯುತ್ತದೆ' ಎನ್ನುವುದೇ ಮೊದಲ ಸುಳಿವು. ಒಂದೇ ರಾತ್ರಿಗೆ ಸತ್ತರೆ ಆಂಪ್‌ಗಳ ಲೆಕ್ಕದಲ್ಲಿ ಹುಡುಕಬೇಕು, ವಾರಕ್ಕೆ ಸತ್ತರೆ ಮಿಲಿಆಂಪ್‌ಗಳ ಲೆಕ್ಕದಲ್ಲಿ.

ಮೀಟರ್ ಜೋಡಿಸುವುದು

ಗಾಡಿ ಪೂರ್ತಿ ಬಂದ್ ಮಾಡಿ, ಕೀ ತೆಗೆಯಿರಿ. ಬಾನೆಟ್ ತೆರೆದಾಗ ಉರಿಯುವ ದೀಪವಿದ್ದರೆ ಅದರ ಬಲ್ಬ್ ಕಳಚಿ. ಫ್ಯೂಸ್ ಬಾಕ್ಸ್ ಒಳಗಡೆ ಇದ್ದರೆ ಬಾಗಿಲು ತೆರೆದೇ ಇರಬೇಕಾಗುತ್ತದೆ. ಬಾಗಿಲ ಚೌಕಟ್ಟಿನ ಸ್ವಿಚ್ಚನ್ನು ಟೇಪ್ ಹಚ್ಚಿ ಒತ್ತಿಡಿ, ಇಲ್ಲದಿದ್ದರೆ ಮೇಲಿನ ದೀಪ ಉರಿದು ಅಳತೆಯೇ ಹಾಳು. ಕೈಯಲ್ಲಿ ಉಂಗುರ, ಲೋಹದ ಪಟ್ಟಿಯ ವಾಚು ಬೇಡ. ಆಗಷ್ಟೇ ಚಾರ್ಜ್ ಆದ ಬ್ಯಾಟರಿಯ ಸುತ್ತ ಹೈಡ್ರೋಜನ್ ಇರುತ್ತದೆ, ಕಿಡಿ ಹಾರಿದರೆ ಸಿಡಿಯಬಹುದು. ಸ್ವಲ್ಪ ಗಾಳಿಯಾಡಲು ಬಿಡಿ.

ಮೀಟರ್‌ನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ, ಕಪ್ಪು ವೈರು ಕಾಮನ್‌ನಲ್ಲೇ ಇರಲಿ, ಗುಂಡಿಯನ್ನು ಡಿಸಿ ಆಂಪ್‌ಗೆ ತಿರುಗಿಸಿ. ಮಿಲಿಆಂಪ್ ತೂತನ್ನು ಮೊದಲೇ ಮುಟ್ಟಬೇಡಿ, ಅದರ ಫ್ಯೂಸ್ ಸಾಮಾನ್ಯವಾಗಿ 200 ಅಥವಾ 400 ಮಿಲಿಆಂಪ್‌ನದು, ಒಂದೇ ಏಟಿಗೆ ಹೋಗುತ್ತದೆ. ಅಳತೆ ನೆಗೆಟಿವ್ ಕಡೆಯೇ ಆಗಬೇಕು, ಏಕೆಂದರೆ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೂ ಶಾರ್ಟ್ ಆಗುವುದಿಲ್ಲ. ತೀರ ಹಳೆಯ ಕೆಲವು ಗಾಡಿಗಳಲ್ಲಿ ಪಾಸಿಟಿವ್ ತುದಿಯೇ ಬಾಡಿಗೆ ಜೋಡಣೆಯಾಗಿರುತ್ತದೆ. ಅಲ್ಲಿ ಎಲ್ಲವನ್ನೂ ತಿರುವುಮುರುವು ಓದಿಕೊಳ್ಳಿ: ಯಾವ ತುದಿ ಬಾಡಿಗೆ ಹೋಗಿದೆಯೋ ಆ ತುದಿಯಲ್ಲೇ ಅಳೆಯುವುದು.

ಕೇಬಲ್ ಬಿಚ್ಚಿ ನೇರವಾಗಿ ಮೀಟರ್ ಸಿಕ್ಕಿಸುವುದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಎರಡೂ ತುದಿಗೆ ಕ್ಲಿಪ್ ಇರುವ ವೈರ್ ತುಂಡನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೇಬಲ್‌ನ ಕ್ಲ್ಯಾಂಪಿಗೂ ಕಚ್ಚಿಸಿ. ಆಮೇಲೆ ಕ್ಲ್ಯಾಂಪ್ ಸಡಿಲಿಸಿ ಮೇಲೆತ್ತಿ. ಗಾಡಿಯ ಕರೆಂಟ್ ಈಗ ಆ ವೈರ್ ಮೂಲಕ ಹರಿಯುತ್ತಿರುತ್ತದೆ, ರೇಡಿಯೋ ಕೋಡ್, ಗಡಿಯಾರ ಯಾವುದೂ ಅಳಿಸಿಹೋಗುವುದಿಲ್ಲ. ಮೀಟರನ್ನೂ ಅದೇ ಎರಡು ಜಾಗಕ್ಕೆ ಜೋಡಿಸಿ, ಕೊನೆಗೆ ವೈರ್ ತೆಗೆಯಿರಿ. ಈಗ ಪೂರ್ತಿ ಕರೆಂಟ್ ಮೀಟರ್ ಒಳಗಿಂದ ಹೋಗುತ್ತದೆ. ನಡುವೆ ಬಾಗಿಲು ತೆರೆಯಬೇಕಾದರೋ ಏನನ್ನಾದರೂ ಹಾಕಿ ನೋಡಬೇಕಾದರೋ ವೈರನ್ನು ಮತ್ತೆ ಕಚ್ಚಿಸಿದರೆ ಮೀಟರ್‌ಗೆ ಏಟಿಲ್ಲ.

ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು. ಸೆಲ್ಫ್ ಮೋಟರ್ ನೂರಕ್ಕೂ ಹೆಚ್ಚು ಆಂಪ್ ಎಳೆಯುತ್ತದೆ. ಇನ್ನು, ಮೀಟರ್ ಸೊನ್ನೆ ತೋರಿಸಿದರೆ ಹಿಗ್ಗಬೇಡಿ, ಅದರೊಳಗಿನ ಫ್ಯೂಸ್ ಸುಟ್ಟಿದ್ದರೂ ಸೊನ್ನೆಯೇ ಬರುವುದು. ವೈರ್ ಕಚ್ಚಿಸಿ ಬಾಗಿಲು ತೆರೆದು, ಒಳಗಿನ ದೀಪ ಉರಿಯುವಾಗ ವೈರ್ ತೆಗೆಯಿರಿ. ಅಂಕಿ ಏರಿದರೆ ಮೀಟರ್ ಜೀವಂತ. ಕೆಲಸ ಮುಗಿದ ತಕ್ಷಣ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸು ಹಾಕಿ. ಮರೆತು ಆಂಪ್ ತೂತಿನಲ್ಲೇ ಬಿಟ್ಟು ಬ್ಯಾಟರಿಯ ವೋಲ್ಟೇಜ್ ಅಳೆಯಹೋದರೆ ಅದು ನೇರ ಶಾರ್ಟ್. ಮೀಟರ್‌ಗಳು ಸಾಯುವುದು ಬಹುಪಾಲು ಈ ಒಂದು ಮರೆವಿನಿಂದ.

ಕಂಪ್ಯೂಟರ್ ಇರುವ ಗಾಡಿಯಾದರೆ ಕಾಯಬೇಕು. ಕೀ ತೆಗೆದ ಮೇಲೂ ಕೆಲವು ಯೂನಿಟ್‌ಗಳು ಎಚ್ಚರವಾಗಿಯೇ ಇದ್ದು, 10ರಿಂದ 30 ನಿಮಿಷದಲ್ಲಿ ಒಂದೊಂದಾಗಿ ಮಲಗುತ್ತವೆ, ಕೆಲವಕ್ಕೆ ಅದಕ್ಕಿಂತಲೂ ಹೆಚ್ಚು ಹೊತ್ತು ಬೇಕು. ಮೊದಲ ನಿಮಿಷದ ಅಂಕಿ ನೋಡಿ ಗಾಬರಿಯಾಗುವುದು ಬೇಡ.

ಮೀಟರ್ ಇಲ್ಲದವರು ಅದೇ ಜಾಗದಲ್ಲಿ ಟೆಸ್ಟ್ ಲ್ಯಾಂಪ್ ಸಿಕ್ಕಿಸುವುದುಂಟು. ಬಲ್ಬ್ ಉರಿದರೆ ಸೋರಿಕೆ ಇದೆ ಎಂಬುದು ಖಾತ್ರಿ, ಉರಿಯದಿದ್ದರೆ ಇಲ್ಲ ಎಂಬುದಕ್ಕೆ ಖಾತ್ರಿಯಿಲ್ಲ. 80 ಮಿಲಿಆಂಪ್‌ಗೆ 5 ವ್ಯಾಟ್ ಬಲ್ಬ್ ಕೆಂಪಗೂ ಆಗುವುದಿಲ್ಲ. ಎಲ್‌ಇಡಿ ಲ್ಯಾಂಪ್ ಇದಕ್ಕೆ ತದ್ವಿರುದ್ಧ, ಗಡಿಯಾರದ ಕರೆಂಟಿಗೂ ಬೆಳಗಿ ದಾರಿ ತಪ್ಪಿಸುತ್ತದೆ.

ಅಂಕಿಯೇ ಅರ್ಧ ಉತ್ತರ

ಬಹಳ ಜನ ಇಲ್ಲಿ ಅವಸರ ಮಾಡಿ ಫ್ಯೂಸ್ ಕೀಳಲು ಶುರು ಮಾಡುತ್ತಾರೆ. ಒಂದು ನಿಮಿಷ ತಡೆದು ಅಂಕಿಯನ್ನು ನೋಡಿ. ಗಾಡಿಯ ಪ್ರತಿ ಭಾಗಕ್ಕೂ ತನ್ನದೇ ಹಸಿವಿದೆ. 5 ವ್ಯಾಟ್ ಬಲ್ಬ್ ಒಂದಕ್ಕೆ ಸುಮಾರು 0.4 ಆಂಪ್, 10 ವ್ಯಾಟ್‌ನದ್ದಕ್ಕೆ 0.8. ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬುಗಳು ಎರಡು ಸೇರಿ 3.5 ಆಂಪ್. ಸಾಮಾನ್ಯ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಒಂದರ ಸುರುಳಿ 80ರಿಂದ 100 ಓಮ್ ಇರುತ್ತದೆ, ಅಂದರೆ 0.12ರಿಂದ 0.15 ಆಂಪ್. ಆದ್ದರಿಂದ ಮೀಟರ್‌ನಲ್ಲಿ 0.42 ಬಂದು ಅಲುಗಾಡದೆ ನಿಂತರೆ ಎಲ್ಲೋ ಒಂದು ಬಲ್ಬ್ ಉರಿಯುತ್ತಿದೆ ಎಂದು ಕಣ್ಣುಮುಚ್ಚಿ ಹೇಳಬಹುದು. 0.15ರ ಸುತ್ತ ನಿಂತರೆ ಯಾವುದೋ ರಿಲೇ ಬಿಡುಗಡೆಯಾಗಿಲ್ಲ. ಅಂಕಿ ಕುಣಿಯುತ್ತಿದ್ದರೆ, ಅಂದರೆ 60ರಿಂದ 200 ಮಿಲಿಆಂಪ್‌ಗೆ ಹೋಗಿ ಮತ್ತೆ ಇಳಿಯುತ್ತಿದ್ದರೆ, ಸ್ಟೀರಿಯೋ, ಅಲಾರಂ, ಟ್ರ್ಯಾಕರ್, ಸೆಂಟ್ರಲ್ ಲಾಕ್ ಇಂಥ ಎಲೆಕ್ಟ್ರಾನಿಕ್ ವಸ್ತುವೊಂದು ನಿದ್ದೆ ಮಾಡುತ್ತಿಲ್ಲ.

ಇದರ ಮೇಲೆ ಫ್ಯೂಸ್ ಕೀಳುವ ಕೆಲಸ. ಮೊದಲು ಫ್ಯೂಸ್ ಬಾಕ್ಸಿನ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಫ್ಯೂಸ್ ಕೀಳುವುದು, ಅಂಕಿ ನೋಡುವುದು, ಬೀಳದಿದ್ದರೆ ಅದೇ ಜಾಗಕ್ಕೆ ವಾಪಸು ಹಾಕುವುದು. ಹಳೆಯ ಗಾಡಿಯಲ್ಲಿ ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಕಂಪ್ಯೂಟರ್ ಇರುವ ಗಾಡಿಯಲ್ಲಿ ಮಾತ್ರ ಫ್ಯೂಸ್ ವಾಪಸು ಹಾಕಿದ ಕೂಡಲೇ ಮಲಗಿದ ಯೂನಿಟ್ ಎದ್ದುಬಿಡುತ್ತದೆ. ಅಲ್ಲಿ ಫ್ಯೂಸ್ ಕೀಳದೆ, ಅದರ ಬೆನ್ನ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಬಹುದು. 10 ಆಂಪ್‌ನ ಬ್ಲೇಡ್ ಫ್ಯೂಸಿಗೆ 7-8 ಮಿಲಿಓಮ್ ತಡೆ ಇರುವುದರಿಂದ ಒಂದು ಮಿಲಿವೋಲ್ಟ್ ಕಂಡರೆ ಸುಮಾರು 130 ಮಿಲಿಆಂಪ್ ಹರಿಯುತ್ತಿದೆ ಎಂದರ್ಥ. ಇದಕ್ಕೆ 0.1 ಮಿಲಿವೋಲ್ಟ್ ಓದುವ ಮೀಟರ್ ಬೇಕು. ಗಾಜಿನ ಕೊಳವೆಯ ಹಳೆಯ ಫ್ಯೂಸ್‌ಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ, ತುದಿಗೆ ಹಿಡಿದ ಕಿಲುಬಿನ ತಡೆಯೇ ಫ್ಯೂಸಿನದಕ್ಕಿಂತ ಜಾಸ್ತಿ ಇರಬಹುದು.

ಒಂದು ಉದಾಹರಣೆ ಹಿಡಿಯೋಣ. ಮೀಟರ್ 0.44 ತೋರಿಸುತ್ತಿದೆ. ಏಳನೆಯ ಫ್ಯೂಸ್ ಕಿತ್ತಾಗ 0.02ಕ್ಕೆ ಬಿತ್ತು. ಅಂದರೆ ಆ ಸಾಲಿನಲ್ಲಿ 0.42, ಒಂದು 5 ವ್ಯಾಟ್ ಬಲ್ಬಿನ ಪಾಲು. ಪುಸ್ತಕದಲ್ಲಿ ಆ ಫ್ಯೂಸಿನ ಮುಂದೆ ಒಳಗಿನ ದೀಪ, ಗಡಿಯಾರ, ಸಿಗರೇಟ್ ಲೈಟರ್, ಡಿಕ್ಕಿ ದೀಪ ಎಂದಿದೆ. ಒಳಗಿನ ದೀಪ ಆರಿದೆ, ಕಣ್ಣಿಗೇ ಕಾಣುತ್ತಿದೆ. ಗಡಿಯಾರ ಇಷ್ಟು ತಿನ್ನುವುದಿಲ್ಲ. ಉಳಿದದ್ದು ಡಿಕ್ಕಿ. ಮುಚ್ಚಿದ ಡಿಕ್ಕಿಯೊಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡುವುದು ಹೇಗೆ? ಫೋನಿನಲ್ಲಿ ವಿಡಿಯೋ ಚಾಲೂ ಮಾಡಿ ಒಳಗಿಟ್ಟು ಮುಚ್ಚಿ, ಒಂದು ನಿಮಿಷದ ನಂತರ ತೆಗೆದು ನೋಡಿ. ಗ್ಲೋವ್ ಬಾಕ್ಸಿಗೂ ಇದೇ ಉಪಾಯ. ದೀಪ ಉರಿಯುತ್ತಿದ್ದರೆ ಸ್ವಿಚ್ಚಿನ ಮೊಳೆ ತುಕ್ಕು ಹಿಡಿದು ಸಿಕ್ಕಿಕೊಂಡಿದೆ, ಇಲ್ಲವೇ ಡಿಕ್ಕಿ ಮುಚ್ಚಳದ ರಬ್ಬರ್ ತುಂಡು ಸವೆದು ಸ್ವಿಚ್ಚನ್ನು ಪೂರ್ತಿ ಒತ್ತುತ್ತಿಲ್ಲ. ದುರಸ್ತಿ ಐದು ನಿಮಿಷದ್ದು.

ಎಲ್ಲ ಫ್ಯೂಸ್ ಕಿತ್ತರೂ ಬೀಳದಿದ್ದರೆ

ಆಗ ಫ್ಯೂಸ್ ಬಾಕ್ಸನ್ನು ಹಾಯದ ಸಾಲುಗಳನ್ನು ನೋಡಬೇಕು. ಅವುಗಳಲ್ಲಿ ಮೊದಲ ಆರೋಪಿ ಆಲ್ಟರ್ನೇಟರ್. ಅದರೊಳಗೆ ಎಸಿಯನ್ನು ಡಿಸಿ ಮಾಡುವ ಆರು ಮುಖ್ಯ ಡಯೋಡ್‌ಗಳಿವೆ. ಕರೆಂಟನ್ನು ಬ್ಯಾಟರಿ ಕಡೆಗೆ ಮಾತ್ರ ಬಿಟ್ಟು, ವಾಪಸು ಬರದಂತೆ ತಡೆಯುವುದೂ ಅವುಗಳದೇ ಕೆಲಸ. ಒಂದು ಡಯೋಡ್ ಸೋತರೆ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿದು ಆಲ್ಟರ್ನೇಟರ್‌ನಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಬ್ಯಾಟರಿಯಿಂದ ಅಲ್ಲಿಗೆ ಹೋಗುವ ದಪ್ಪ ಕೇಬಲ್ ಬಹಳಷ್ಟು ಹಳೆಯ ಗಾಡಿಗಳಲ್ಲಿ ಫ್ಯೂಸ್ ಬಾಕ್ಸಿಗೆ ಬರುವುದೇ ಇಲ್ಲ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ನಾಲ್ಕೈದು ಗಂಟೆ ಬಿಟ್ಟು, ಆಲ್ಟರ್ನೇಟರ್ ಬೆನ್ನಿನ ಮೇಲೆ ಕೈಯಿಡಿ. ಸುತ್ತಲಿನ ಲೋಹಕ್ಕಿಂತ ಬೆಚ್ಚಗಿದ್ದರೆ ಇನ್ನೇನೂ ಕೇಳಬೇಕಾಗಿಲ್ಲ. ಖಚಿತಪಡಿಸಿಕೊಳ್ಳಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್‌ನ ದಪ್ಪ ಕೇಬಲ್ ಕಳಚಿ, ತುದಿಗೆ ಟೇಪ್ ಸುತ್ತಿ, ಪಕ್ಕದ ಸಣ್ಣ ವೈರುಗಳ ಸಾಕೆಟನ್ನೂ ತೆಗೆದು ಮತ್ತೆ ಅಳೆಯಿರಿ. ಅಂಕಿ ಬಿದ್ದರೆ ಆಲ್ಟರ್ನೇಟರೇ ಕಳ್ಳ.

ಓಡುತ್ತಿರುವಾಗಲೂ ಸುಳಿವು ಸಿಗುತ್ತದೆ. ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ ಬ್ಯಾಟರಿಯ ಮೇಲಿಟ್ಟರೆ 0.5ಕ್ಕಿಂತ ಹೆಚ್ಚು ಬರಬಾರದು, ಬಂದರೆ ಡಯೋಡ್ ಮೇಲೆ ಅನುಮಾನ. ಅಗ್ಗದ ಕೆಲವು ಮೀಟರ್‌ಗಳು ಡಿಸಿಯನ್ನೂ ಎಸಿ ಎಂದು ಓದುತ್ತವೆ. ಇಂಜಿನ್ ಬಂದ್ ಇರುವಾಗಲೇ ಎಸಿ ಅಳೆದು ನೋಡಿ, ಆಗಲೂ ದೊಡ್ಡ ಅಂಕಿ ಬಂದರೆ ಆ ಮೀಟರ್ ಈ ಪರೀಕ್ಷೆಗೆ ನಾಲಾಯಕ್ಕು. ಡೈನಮೋ ಇರುವ ಅದಕ್ಕೂ ಹಳೆಯ ಗಾಡಿಗಳಲ್ಲಿ ಡಯೋಡ್ ಇಲ್ಲ, ಕರೆಂಟ್ ಹಿಂದಕ್ಕೆ ಬರದಂತೆ ತಡೆಯುವ ಕಟೌಟ್ ಎಂಬ ಸ್ವಿಚ್ ಇರುತ್ತದೆ. ಅದರ ಪಾಯಿಂಟ್ ಅಂಟಿಕೊಂಡರೆ ನಿಂತ ಗಾಡಿಯ ಬ್ಯಾಟರಿ ಡೈನಮೋವನ್ನೇ ಮೋಟರ್ ಹಾಗೆ ತಿರುಗಿಸಲು ನೋಡುತ್ತದೆ. ಸೋರಿಕೆ ಸಣ್ಣದಲ್ಲ, ವೈರಿಂಗೂ ಸುಡಬಹುದು. ಕಂಡ ಕೂಡಲೇ ಬ್ಯಾಟರಿ ಬಿಚ್ಚಿ.

ಆಮೇಲೆ ಸಿಕ್ಕಿಸಿದ ಸಾಮಾನುಗಳು

ಹಳೆಯ ಗಾಡಿಗಳಲ್ಲಿ ಕಂಪನಿಯ ವೈರಿಂಗಿಗಿಂತ ಹೆಚ್ಚು ಕಾಟ ಕೊಡುವುದು ನಂತರ ಹಾಕಿಸಿದ ಸಾಮಾನು. ಫ್ಯೂಸ್ ಬಾಕ್ಸ್ ಬಿಟ್ಟು ನೇರವಾಗಿ ಬ್ಯಾಟರಿಯಿಂದಲೋ ಇಗ್ನಿಷನ್ ಸ್ವಿಚ್ಚಿನ ಹಿಂದಿನಿಂದಲೋ ಲೈನ್ ಎಳೆದಿರುತ್ತಾರೆ. ಬ್ಯಾಟರಿಯ ಪಾಸಿಟಿವ್ ಕ್ಲ್ಯಾಂಪಿಗೆ ಎಷ್ಟು ವೈರುಗಳು ಬಂದು ಸೇರಿವೆ ಎಂದು ಎಣಿಸಿ ನೋಡಿ, ಕಂಪನಿಯವು ಒಂದೆರಡೇ. ಉಳಿದವನ್ನು ಒಂದೊಂದಾಗಿ ಕಳಚಿ ಅಳೆಯಿರಿ.

ಸ್ಟೀರಿಯೋ ವಿಷಯದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಸಾಮಾನ್ಯವಾಗಿ ಅದರ ಹಳದಿ ವೈರ್ ನೆನಪಿಗೆ, ಸದಾ ಲೈನ್ ಇರಬೇಕು. ಕೆಂಪು ವೈರ್ ಕೀ ಹಾಕಿದಾಗ ಮಾತ್ರ ಲೈನ್ ಪಡೆಯಬೇಕು. ಕೀ ಇಲ್ಲದೆಯೂ ಹಾಡು ಬರಲಿ ಎಂದು ಎರಡನ್ನೂ ಒಟ್ಟಿಗೆ ತಿರುಚಿ ಟೇಪ್ ಸುತ್ತಿದರೆ ಸ್ಟೀರಿಯೋ ಎಂದೂ ಪೂರ್ತಿ ಮಲಗುವುದಿಲ್ಲ. ಆಂಪ್ಲಿಫೈಯರ್ ಎಬ್ಬಿಸುವ ನೀಲಿ ವೈರನ್ನು ಸದಾ ಲೈನ್‌ಗೆ ಕೊಟ್ಟರೂ ಅಷ್ಟೇ. ಯುಎಸ್‌ಬಿ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಡಯಾಗ್ನಸ್ಟಿಕ್ ಸಾಕೆಟಿನಲ್ಲಿ ಮರೆತು ಬಿಟ್ಟ ಬ್ಲೂಟೂತ್ ತುಂಡು, ಇವು ತಲಾ ಕಡಿಮೆ ಎಳೆದರೂ ಒಟ್ಟು ಸೇರಿ 100 ಮಿಲಿಆಂಪ್ ದಾಟಬಹುದು.

ಬ್ರೇಕ್ ಪೆಡಲ್ ಮೇಲಿನ ಸ್ವಿಚ್ಚನ್ನು ಒತ್ತುವ ಪುಟ್ಟ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿಲ್ಲೆ ವರ್ಷಗಳಾದ ಮೇಲೆ ಪುಡಿಯಾಗಿ ಉದುರುತ್ತದೆ. ಸ್ವಿಚ್ಚಿನ ಮೊಳೆ ಬಿಲ್ಲೆ ಇದ್ದ ತೂತಿನೊಳಗೆ ತೂರಿ, ಕಾಲು ತೆಗೆದರೂ ಬ್ರೇಕ್ ಲೈಟ್ ಆರುವುದಿಲ್ಲ. 3.5 ಆಂಪ್, ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ. ಪೆಡಲ್ ಕೆಳಗೆ ನೆಲಹಾಸಿನ ಮೇಲೆ ಪುಡಿಯ ಚೂರು ಸಿಕ್ಕರೆ ಇದೇ. ಇಗ್ನಿಷನ್ ಸ್ವಿಚ್ ಸವೆದು, ಕೀ ತೆಗೆದ ಮೇಲೂ ಒಂದು ಸಾಲು ಜೀವಂತ ಉಳಿಯುವುದೂ ಹಳೆಯ ಗಾಡಿಗಳ ಮಾಮೂಲಿ ರೋಗ. ಪಾಯಿಂಟ್ ಅಂಟಿದ ರಿಲೇ ಮುಟ್ಟಿದರೆ ಪಕ್ಕದವಕ್ಕಿಂತ ಬೆಚ್ಚಗಿರಬಹುದು, ಬೆರಳ ಗೆಣ್ಣಿನಿಂದ ಕುಟ್ಟಿದರೆ 'ಟಿಕ್' ಅಂತ ಬಿಟ್ಟು ಅಂಕಿ ಬೀಳುವುದೂ ಉಂಟು. ಬಿಟ್ಟಿತಲ್ಲ ಎಂದು ಹಾಗೇ ಇಟ್ಟುಕೊಳ್ಳಬೇಡಿ, ಮತ್ತೆ ಅಂಟುತ್ತದೆ.

ಅಳೆಯುವಾಗ ಸರಿಯಿದ್ದು ಆಮೇಲೆ ಸೋರುವ ಗಾಡಿಗಳೇ ಕಷ್ಟದವು. ಮೀಟರ್‌ನಲ್ಲಿ ಅತಿ ಹೆಚ್ಚಿನ ಅಂಕಿಯನ್ನು ಹಿಡಿದಿಡುವ ಸೌಲಭ್ಯವಿದ್ದರೆ ರಾತ್ರಿಯಿಡೀ ಜೋಡಿಸಿಡಿ. ಮೀಟರ್ ತಾನಾಗಿ ಆಫ್ ಆಗದಂತೆ ನೋಡಿಕೊಳ್ಳಿ. ಅಂಕಿ ಏರಿದ್ದು ನಿಜವೆಂದಾದರೆ ವೈರಿಂಗ್ ಎಲ್ಲೆಲ್ಲಿ ಮಡಚುತ್ತದೆ, ಎಲ್ಲಿ ಒದ್ದೆಯಾಗುತ್ತದೆ ಎಂದು ನೋಡಿ: ಬಾಗಿಲ ಕೀಲಿನ ರಬ್ಬರ್ ಕೊಳವೆ, ಡಿಕ್ಕಿ ಮುಚ್ಚಳದ ಕೀಲು, ಮಳೆನೀರು ಸೋರಿ ನೆಂದ ನೆಲಹಾಸಿನ ಅಡಿ. ಮೀಟರ್ ಜೋಡಿಸಿಕೊಂಡೇ ಆ ವೈರ್ ಕಟ್ಟನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ, ಇನ್ನೊಬ್ಬರು ಅಂಕಿ ನೋಡುತ್ತಿರಲಿ.

ಸೋರಿಕೆ ಸಿಗುವವರೆಗೆ ಬ್ಯಾಟರಿ ಟರ್ಮಿನಲ್‌ಗೆ ಕಟಾಫ್ ಸ್ವಿಚ್ ಹಾಕಿ ದಿನ ದೂಡಬಹುದು, ತಪ್ಪಿಲ್ಲ. ಆದರೆ ಅಷ್ಟರಲ್ಲಿ ಪದೇ ಪದೇ ಪೂರ್ತಿ ಇಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಅದರ ಸಾಮರ್ಥ್ಯ ಕುಂದಿರುತ್ತದೆ. ಸೋರಿಕೆ ಸರಿಮಾಡಿದ ಮೇಲೆ ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ, ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್ ಒಮ್ಮೆ ನೋಡಿ. ಸಾಧಾರಣ ಹವೆಯಲ್ಲಿ ಅದು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಬದಲಿಸಿ, ಹೊಸದನ್ನು ಕೂರಿಸಿದ ದಿನವೇ ಮೀಟರ್ ಇನ್ನೊಮ್ಮೆ ಜೋಡಿಸಿ ಬಂದ ಅಂಕಿಯನ್ನು ಬ್ಯಾಟರಿಯ ಮೇಲೇ ಪೆನ್ನಿನಲ್ಲಿ ಬರೆದಿಡಿ. ಮುಂದೆಂದಾದರೂ ಬೆಳಗ್ಗೆ ಮತ್ತೆ 'ಟಕ್' ಅಂದರೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.